ಮೀನಿನ ಫೋನು

ಬೆಂಗಳೂರಿನ ಬೆಳ್ಳಂದೂರಿನ ಮಕ್ಕಳಿಗೂ ಪ್ರಬಂಧದ ವಿಷಯ ಹಸುವೇ! ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ. ಅಜ್ಜನ ಕಾಲದಿಂದ ಒಂದೂ ಹೆಚ್ಚಿಲ್ಲ. ಮಗು ಆಕಳಿಸದೆ ಇನ್ನೇನು ಮಾಡೀತು? ಪಕ್ಕದಲ್ಲೇ ಸುಮಾರು 900 ಎಕರೆಯ ಕೆರೆ. ಕೊಳಚೆ, ಸೋಪಿನ ನೀರು ಸೇರಿ ನೊರೆಯುಕ್ಕಿ ರಸ್ತೆಗೆ ಹಾರಿತ್ತು. 2015, 2017, 2018ರಲ್ಲಿ ಕೆರೆಗೇ ಬೆಂಕಿ ಬಿದ್ದಿತ್ತು. ಇದನ್ನೇ ಮಗು ಕಲ್ಪಿಸಿ ಬರೆದಿದ್ದರೆ ಮೇಷ್ಟ್ರು, "ಕೆರೆಗೆ ಬೆಂಕಿ ಹತ್ತುತ್ತೇನೋ?" ಎಂದು ಕೆಂಪು ಗೆರೆ ಎಳೆಯುತ್ತಿದ್ದರು. 

ಕಾಗುಣಿತ ಆಮೇಲೆ ತಿದ್ದೋಣ. ಮೊದಲು ಮಕ್ಕಳನ್ನು ಕೇಳೋಣ: "ಕೆರೆಯ ಮೀನು ಫೈರ್ ಇಂಜಿನ್ನಿಗೆ ಫೋನ್ ಮಾಡಿದರೆ ಏನು ಹೇಳೀತು?" ಉತ್ತರ ಒಂದು ಪುಟಕ್ಕೆ ನಿಲ್ಲದು. ಯಾವನೋ ಒಬ್ಬ ತರಲೆ ಮಾತ್ರ, ಇಂಜಿನ್ನು ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದೆ ಎಂದು ಬರೆದೇ ಬರೆಯುತ್ತಾನೆ. ಅವನಿಗೆ ಕಲ್ಪನಾಶಕ್ತಿಯ ಅಂಕ ಕೊಡುವಂತಿಲ್ಲ.