ನಿಧಾನವಾಗಿ ಮಾತಾಡಪ್ಪ!

ಕರ್ನಾಟಕದಲ್ಲಿ ವೈದ್ಯರ ಕೊರತೆ ಇದೆ ಎನ್ನುವವರು ಮದುವೆ ಊಟಕ್ಕೆ ಹೋದವರಲ್ಲ. ಪಂಕ್ತಿಯಲ್ಲಿ ಕೂತ ಹುಡುಗನೊಬ್ಬ ಸಾರು ಕೇಳುವಾಗ ಉಗ್ಗಿದರೆ ಸಾಕು, ಸಾರಿಗಿಂತ ಮೊದಲು ತಜ್ಞರು ಬಂದಿರುತ್ತಾರೆ. ಬಜೆ ತೇಯ್ದು ನಾಲಿಗೆಗೆ ಹಚ್ಚಿ ಎಂದು ಒಬ್ಬರು. ಬಾಯಲ್ಲಿ ಕಲ್ಲಿಟ್ಟುಕೊಂಡು ಓದಲಿ, ಗ್ರೀಸಿನ ಡೆಮಾಸ್ತನೀಸ್ ಹಾಗೇ ಮಹಾ ಭಾಷಣಕಾರ ಆದದ್ದು ಎಂದು ಇನ್ನೊಬ್ಬರು. ಉಳಿದವರದು ಖರ್ಚಿಲ್ಲದ ಮದ್ದು: 'ನಿಧಾನವಾಗಿ ಮಾತಾಡಪ್ಪ, ಏನವಸರ?'

ಇವರನ್ನು ಹಗುರಾಗಿ ಕಾಣಬೇಡಿ, ಪರಂಪರೆ ದೊಡ್ಡದು. 1841ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಡೀಫೆನ್‌ಬಾಖ್ ಉಗ್ಗುವವರ ನಾಲಿಗೆಯ ಬುಡವನ್ನೇ ಕತ್ತರಿಸಿದ್ದ, ಅದೂ ಅರಿವಳಿಕೆ ಬರುವ ಮುಂಚೆ. ನಮ್ಮ ಸೋದರಮಾವಂದಿರ ಕೈಯಲ್ಲಿ ಚಾಕು ಇಲ್ಲ, ಪುಣ್ಯ.

ತಮಾಷೆಯೆಂದರೆ ಈ 'ನಿಧಾನ' ನಿಜಕ್ಕೂ ಬೇಕಾದವರು ಬೇರೆ ಇದ್ದಾರೆ. ಕ್ಲಟರಿಂಗ್ ಎಂಬ ತೊಂದರೆಯಲ್ಲಿ ಮಾತು ಅಕ್ಷರಗಳನ್ನು ನುಂಗಿಕೊಂಡು, ನಿಲ್ಲಬಾರದ ಕಡೆ ನಿಂತು, ಮತ್ತೆ ಧಾವಿಸುತ್ತದೆ. ಆಡುವವರಿಗೆ ಅದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅವರ ಮಾತನ್ನು ಧ್ವನಿಮುದ್ರಿಸಿ ಅವರಿಗೇ ಕೇಳಿಸಿ, ವೇಗಕ್ಕೆ ಕಡಿವಾಣ ಹಾಕಲು ಕಲಿಸಬೇಕು. ನಾವು ಮಾತ್ರ 'ಅಬ್ಬಾ, ಎಷ್ಟು ಚೂಟಿ ಮಗು' ಎಂದು ಭಾಷಣ ಸ್ಪರ್ಧೆಗೆ ಹೆಸರು ಬರೆಸುತ್ತೇವೆ.

ಇನ್ನು ಅರವತ್ತರ ರಾಯರು. ಮೈಕೇ ಬೇಡದ ಕಂಠ. ಒಂದು ಬೆಳಗ್ಗೆ ಕಾಫಿ ಕೇಳುವಾಗ ಉಗ್ಗು ಶುರು. ಪದದ ಮೊದಲಲ್ಲಷ್ಟೇ ಅಲ್ಲ, ನಡುವೆ, ಕೊನೆಗೂ. ಎರಡರಿಂದ ಐದು ವರ್ಷದೊಳಗೆ ಶುರುವಾಗುವ ಮಾಮೂಲಿ ಉಗ್ಗು, ಹಾಡುವಾಗ ಅಥವಾ ಹತ್ತು ಜನರ ಜೊತೆ ದನಿ ಸೇರಿಸಿದಾಗ ಸಾಮಾನ್ಯವಾಗಿ ಮಾಯ. ರಾಯರಿಗೆ ಭಜನೆಯಲ್ಲೂ ಬಿಡಲಿಲ್ಲ. ಮಿದುಳಿನಿಂದ ಬಂದ ಉಗ್ಗಿಗೆ ಅದೊಂದು ಸುಳಿವು. ಕಾರಣ ಹಲವು: ಪಾರ್ಶ್ವವಾಯು, ತಲೆಗೆ ಪೆಟ್ಟು, ಪಾರ್ಕಿನ್ಸನ್, ಕೆಲವೊಮ್ಮೆ ನುಂಗುತ್ತಿರುವ ಮಾತ್ರೆಯೇ. ಪಾರ್ಶ್ವವಾಯುವಾದರೆ ಒಂದೊಂದು ನಿಮಿಷವೂ ಬೆಲೆಯುಳ್ಳದ್ದು. ಆ ನಿಮಿಷಗಳಲ್ಲಿ ಮನೆಯವರು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಘಾಟು ಬರಲಿಲ್ಲ, ರೋಗ ಪತ್ತೆಯಾಯಿತು: ದೃಷ್ಟಿ. ಸ್ಕ್ಯಾನಿಂಗ್ ಯಾಕೆ ಬೇಕು?

ಮನಸ್ಸಿಗೆ ಬಿದ್ದ ಪೆಟ್ಟಿನ ಬೆನ್ನಿಗೆ ದಿಢೀರನೆ ಕಾಣಿಸಿಕೊಳ್ಳುವ ಉಗ್ಗೂ ಉಂಟು. ಸರಿಯಾಗಿ ಗುರುತಿಸಿದರೆ ಬೇಗನೆ ಸಡಿಲವಾಗಬಹುದು. ಅದಕ್ಕೆ ನಾವಿಟ್ಟ ಹೆಸರು 'ನಾಟಕ'. (ಸೊಸೆಗೆ ಬಂದರಂತೂ ಎರಡನೇ ಅಭಿಪ್ರಾಯವೇ ಬೇಡ.)

ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಬೇರೆ ಬೇರೆ ಮೂಲೆಗಳಿಂದ ಜನ ಅಲ್ಲಿಗೆ ಬರುತ್ತಾರೆ. ನಾವು ಬಜೆ ಮುಗಿದ ಮೇಲೆ ನೋಡೋಣ ಎನ್ನುತ್ತೇವೆ. ವಾಕ್ ಚಿಕಿತ್ಸಕರ ಮೊದಲ ಕೆಲಸ ನಮಗೆ ಒಗ್ಗದಂಥದ್ದು. ವಾಕ್ಯ ಮುಗಿಯುವವರೆಗೆ ಬಾಯಿ ಹಾಕದೆ ಕೇಳುತ್ತಾರೆ. ಆಮೇಲೆ ಇದು ಯಾವ ಉಗ್ಗು ಎಂದು ವಿಂಗಡಿಸಿ, ಅದಕ್ಕೆ ತಕ್ಕ ಅಭ್ಯಾಸ ಹೇಳಿಕೊಡುತ್ತಾರೆ.

ಅಲ್ಲಿಂದ ಬಂದವರನ್ನು ನೆಂಟರು ವಿಚಾರಿಸಿಕೊಳ್ಳುತ್ತಾರೆ.

'ಮಾತ್ರೆ ಏನು ಕೊಟ್ಟರು?'

'ಇಲ್ಲ.'

'ಇಂಜೆಕ್ಷನ್?'

'ಅದೂ ಇಲ್ಲ. ಮಾತಾಡಿಸಿದರು.'

'ಅಷ್ಟಕ್ಕೆ ಅಲ್ಲಿವರೆಗೆ ಹೋಗಬೇಕಿತ್ತಾ? ನಾವಿರಲಿಲ್ಲವಾ?'