ಸಂಗೀತಪಾಠಕಾಲನಿರ್ಣಯವು

ಯಾವ ಶಾಸ್ತ್ರಗ್ರಂಥಕ್ಕೇ ಆಗಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ಮೊದಲಲ್ಲೇ ಹೇಳಿಬಿಡಬೇಕೆಂಬುದು ಪೂರ್ವಿಕರ ಕಟ್ಟಳೆಯಾದುದರಿಂದ ನಾವೂ ಅದನ್ನು ಮೀರತಕ್ಕವರಲ್ಲ. ನಲವತ್ತು ದಾಟಿದ ಮೇಲೆ ಸಂಗೀತ ಕಲಿಯಬೇಕೆಂಬ ಹಂಬಲ ಹುಟ್ಟಿದ ಬೆಂಗಳೂರಿನ ಗೃಹಸ್ಥನೇ ಇಲ್ಲಿ ಅಧಿಕಾರಿ; ಅವನ ದಿನಚರಿಗೆ ಹೊಂದಿಕೊಳ್ಳುವ ಪಾಠದ ವೇಳೆಯೇ ವಿಷಯ; ಇವೆರಡಕ್ಕೂ ಈವರೆಗೆ ಯಾವ ಸಂಬಂಧವೂ ಏರ್ಪಡದಿರುವುದೇ ಸಂಬಂಧ; ಪ್ರಯೋಜನವನ್ನು ನೆರೆಮನೆಯವರು ಬಲ್ಲರು.

ಇನ್ನು ಪೂರ್ವಪಕ್ಷಗಳು. ಸೂರ್ಯೋದಯಕ್ಕೆ 96 ನಿಮಿಷ ಇರುವಾಗ ಮೊದಲಾಗಿ 48 ನಿಮಿಷ ನಡೆಯುವ ಬ್ರಾಹ್ಮೀಮುಹೂರ್ತವೇ ಸಾಧನೆಗೆ ಪ್ರಶಸ್ತವೆಂದು ಪ್ರಾಚೀನರ ಮತ. ಆದರೆ ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆಯು ಹೇಳಿಕೊಂಡು ಬಂದಿರುವ, 72 ಮೇಳಕರ್ತಗಳಲ್ಲಿ 15ನೆಯದಾದ ಮಾಯಾಮಾಳವಗೌಳದಲ್ಲಿ ಅಭ್ಯಾಸ ಮಾಡತಕ್ಕ ಸರಳೆವರಿಸೆಯನ್ನು ಮೂರು ಕಾಲಗಳಲ್ಲಿಯೂ ಹಾಡಬೇಕೆಂಬ ವಿಧಿಯೊಂದಿದೆಯಷ್ಟೆ. ಆ ಹೊತ್ತಿನಲ್ಲಿ ಅದನ್ನು ಪಾಲಿಸಿದರೆ ಒಂದನೆಯ ಕಾಲಕ್ಕೆ ಮನೆಯವರು ಎಚ್ಚರಗೊಳ್ಳುವರು, ಎರಡನೆಯ ಕಾಲಕ್ಕೆ ಮೇಲಿನ ಮಹಡಿಯವರು ಇಳಿದು ಬರುವರು, ಮೂರನೆಯ ಕಾಲಕ್ಕೆ ಬಾಡಿಗೆಯ ಕರಾರಿನ ಮಾತು ಏಳುವುದು.

ಸಂಜೆಯೇ ಲೇಸೆಂಬುದು ಎರಡನೆಯ ಪಕ್ಷ. ಸಿಲ್ಕ್ ಬೋರ್ಡ್ ವೃತ್ತವನ್ನು ದಾಟಿ ಬಸವನಗುಡಿಯನ್ನು ಸೇರಬೇಕಾದ ಗೃಹಸ್ಥನಿಗೆ ಸಂಜೆಯೆಂಬುದು ಎಷ್ಟು ಗಂಟೆಗೆ ಒದಗುವುದೆಂಬುದು, ಗ್ರಹಣವನ್ನು ನಿಮಿಷದ ಲೆಕ್ಕದಲ್ಲಿ ಹೇಳಬಲ್ಲ ಪಂಚಾಂಗಕರ್ತರ ಗಣಿತಕ್ಕೂ ಅತೀತವಾದುದರಿಂದ, ಈ ಪಕ್ಷವೂ ನಿಲ್ಲದು. ಭಾನುವಾರವನ್ನೇ ಹಿಡಿಯೋಣವೆಂದರೆ, ಬೆಳಗ್ಗೆ ಗಾಂಧಿಬಜಾರಿನಲ್ಲಿ 1943ರಿಂದ ನಡೆದು ಬಂದಿರುವ ವಿದ್ಯಾರ್ಥಿ ಭವನದ ಮುಂದೆ ದೋಸೆಗಾಗಿ ಸರದಿಯಲ್ಲಿ ನಿಂತಾಗಲೇ ವಿದ್ಯಾರ್ಥಿಧರ್ಮವು ಒಂದು ಬಗೆಯಲ್ಲಿ ನೆರವೇರಿಹೋಗುವುದು. ಸಂಜೆ 4:30ರಿಂದ 6ರವರೆಗೆ ರಾಹುಕಾಲ. ಆಮೇಲೆ ಯಾರದಾದರೂ ಮದುವೆಯ ಆರತಕ್ಷತೆ. ಇಷ್ಟು ಸಾಲದೆಂಬಂತೆ, ವೇದಪಾಠಕ್ಕೆ ವಿಹಿತವಾದ ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳ ಅನಧ್ಯಯನವನ್ನು ಸಂಗೀತಕ್ಕೂ ಅತಿದೇಶ ಮಾಡಿಕೊಳ್ಳುವ ಆಸ್ತಿಕ್ಯವು, ಬೇರೆ ಯಾವ ವಿಷಯದಲ್ಲಿಯೂ ಕಾಣದಿದ್ದರೂ, ಸಾಧನೆ ಮಾಡದ ಶಿಷ್ಯರಲ್ಲಿ ವಿಶೇಷವಾಗಿ ಕಂಡುಬರುತ್ತದೆ.

ಹೇಗೋ ವೇಳೆ ಗೊತ್ತಾಯಿತೆಂದೇ ಇಟ್ಟುಕೊಂಡರೂ ಅದನ್ನು ಪಾಲಿಸುವ ಬಗೆಯಲ್ಲಿ ಭೇದಗಳುಂಟು. ತಾಳಶಾಸ್ತ್ರವು ಇವನ್ನು ಮೊದಲೇ ಕಂಡುಕೊಂಡಿದೆ. ತಾಳವೂ ಹಾಡೂ ಒಟ್ಟಿಗೆ ಮೊದಲಾದರೆ ಸಮಗ್ರಹ, ಹಾಡು ಮುಂದಾದರೆ ಅತೀತ, ತಾಳವು ನಡೆದ ಮೇಲೆ ಹಾಡನ್ನೆತ್ತಿಕೊಂಡರೆ ಅನಾಗತ. ಗುರುಗಳು ಕಾಫಿ ಮುಗಿಸುವ ಮುನ್ನವೇ ಬಂದು ಶ್ರುತಿಪೆಟ್ಟಿಗೆಯನ್ನು ತೆರೆದು ಕೂರುವವನು ಅತೀತನು, ಇವನಿಗೆ ಕಾಫಿ ಸಿಗುವುದು. ಸಮನು ಗ್ರಂಥಗಳಲ್ಲಿ ಮಾತ್ರ ಉಂಟು. ಅನಾಗತನಾದರೋ ಎಷ್ಟೇ ತಡವಾಗಿ ಬಂದರೂ ಎದ್ದು ಹೋಗುವಾಗ ಮಾತ್ರ ಅರೆಯಕ್ಷರವೂ ತಪ್ಪದೆ ಸಮಕ್ಕೆ ಸರಿಯಾಗಿ ಏಳುವನು.

ಸಮುದ್ರೋಲ್ಲಂಘನ ಮಾಡಿದವರ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಬೆಂಗಳೂರಿನ ಗುರುಗಳು ಬೆಳಗಿನ 6 ಗಂಟೆಗೆ ಜೂಮ್ ಮೂಲಕ ಪಾಠಕ್ಕೆ ಕೂತಾಗ ನ್ಯೂಜೆರ್ಸಿಯ ಕನ್ನಡಿಗ ಶಿಷ್ಯನಿಗೆ ಬೇಸಗೆಯಲ್ಲಿ ಹಿಂದಿನ ರಾತ್ರಿಯ 8:30. ಗುರುಗಳಿಗೆ ಭೂಪಾಳದ ಹೊತ್ತು, ಶಿಷ್ಯನಿಗೆ ನೀಲಾಂಬರಿಯದು. ನವೆಂಬರಿನಲ್ಲಿ ಅಲ್ಲಿಯ ಗಡಿಯಾರಗಳು ಒಂದು ಗಂಟೆ ಹಿಂದೆ ಸರಿಯಲಾಗಿ, ಅದೇ ಪಾಠವು 7:30ಕ್ಕೆ, ಎಂದರೆ ಸಾರಿಗೆ ಒಗ್ಗರಣೆ ಬೀಳುವ ಸಮಯಕ್ಕೆ, ಬಂದು ನಿಲ್ಲುವುದು.

ಹೀಗೆ ಸಕಲ ಪಕ್ಷಗಳೂ ಬಿದ್ದಲ್ಲಿ ಸಿದ್ಧಾಂತವನ್ನು ಹೇಳುತ್ತೇವೆ: ತನ್ನ ಪಾಠಕ್ಕೆ ಎಂದಿಗೂ ಒದಗದ ವೇಳೆಯು ಮಗುವಿನ ಪಾಠಕ್ಕೆ ತಪ್ಪದೆ ಒದಗುತ್ತದೆ. ಯಾವ ಗೃಹಸ್ಥನಿಗೆ ವಾರದಲ್ಲಿ ಅರ್ಧ ಗಂಟೆಯೂ ಬಿಡುವಿಲ್ಲವೋ ಅವನೇ ಮಗಳನ್ನು ಪಾಠಕ್ಕೆ ಕರೆತಂದು, ಮಳೆಯೆನ್ನದೆ ರಾಹುಕಾಲವೆನ್ನದೆ, ಗುರುಗಳ ಮನೆಯ ಜಗಲಿಯಲ್ಲಿ ಗಂಟೆಗಟ್ಟಲೆ ಕಾದಿರುವುದು ಪ್ರತ್ಯಕ್ಷಸಿದ್ಧ. ಒಳಗೆ ಮಗುವು ಜಂಟಿವರಿಸೆಯನ್ನು ದಾಟಿ ಅಲಂಕಾರಗಳಿಗೆ ಬರುವಷ್ಟರಲ್ಲಿ, ಧ್ರುವದಿಂದ ಏಕದವರೆಗಿನ ಏಳೂ ತಾಳಗಳು ಹೊರಗೆ ತಂದೆಯ ತೊಡೆಯ ಮೇಲೆ ನೆಲೆಗೊಂಡಿರುತ್ತವೆ. ಆದುದರಿಂದ ದಿನಚರಿಯಲ್ಲಿ ಸ್ವಂತ ಪಾಠವೆಂದು ಬರೆದುಕೊಳ್ಳದೆ, ಮಗುವನ್ನು ಪಾಠಕ್ಕೆ ಬಿಡುವುದೆಂದು ಬರೆದುಕೊಳ್ಳತಕ್ಕದ್ದು. ಮಕ್ಕಳಿಲ್ಲದವರು ಪಕ್ಕದ ಮನೆಯ ಹುಡುಗನನ್ನು ಕೇಳಿ ಪಡೆಯಬಹುದು. ಸೋಮಲತೆ ದೊರೆಯದಾಗ ಪೂತೀಕದಿಂದ ಯಾಗವನ್ನು ನಡೆಸಬಹುದೆಂದು ಮೀಮಾಂಸಕರೇ ಒಪ್ಪಿರುವರು.

ಒಬ್ಬರ ಶುಲ್ಕಕ್ಕೆ ಇಬ್ಬರು ಕಲಿಯುವುದು ವಿದ್ಯಾಚೌರ್ಯವಲ್ಲವೆ ಎಂದು ಆಕ್ಷೇಪಿಸಿದರೆ, ಅಲ್ಲವೆನ್ನುತ್ತೇವೆ; ಏಕೆಂದರೆ ಜಗಲಿಯ ಶಿಷ್ಯನು ತನ್ನ ಕಂಠವನ್ನು ಗುರುಗಳಿಗೆ ಒಮ್ಮೆಯೂ ಕೇಳಿಸದೆ ಇರುತ್ತಾನಾದುದರಿಂದ, ನಲವತ್ತು ದಾಟಿದವನು ಸಲ್ಲಿಸಬಹುದಾದ ಗುರುದಕ್ಷಿಣೆಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ.