ಧೂಮತ್ಯಾಗ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ, ಈ ಗ್ರಂಥದ ವಿಷಯ ಸಿಗರೇಟು ಬಿಡುವುದು. ಪ್ರಯೋಜನ, ಬಿಟ್ಟೆನೆಂದು ಹೇಳಿಕೊಳ್ಳುವುದು. ಸಂಬಂಧ, ಟೀ ಅಂಗಡಿಯ ಮೂಲಕ. ಅಧಿಕಾರಿ ಯಾರೆಂಬಲ್ಲಿ ಮಾತ್ರ ಪಂಡಿತರಲ್ಲಿ ಜಗಳವಿದೆ. ಎಂದೂ ಸೇದದವನು ಅಧಿಕಾರಿಯಲ್ಲ; ಬಿಡಲು ಅವನ ಹತ್ತಿರ ಏನೂ ಇಲ್ಲ. ಪೂರ್ತಿ ಬಿಟ್ಟವನೂ ಅಲ್ಲ. ಅವನು ಫಲ ಉಂಡಾಗಿದೆ, ಈಗ ಊರವರಿಗೆಲ್ಲ ಉಪದೇಶ ಹಂಚುತ್ತಾನೆ, ಅವನನ್ನು ಕಂಡರೆ ಸೇದುವವರು ಗಲ್ಲಿ ಬದಲಿಸುತ್ತಾರೆ. ಆದ್ದರಿಂದ ಸೇದುತ್ತಲೇ ಬಿಡುತ್ತಿರುವವನೇ ಇಲ್ಲಿ ಮುಖ್ಯ ಅಧಿಕಾರಿ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಯಾವುದೇ ಆಫೀಸಿನ ಕೆಳಗಿರುವ ಪೆಟ್ಟಿಗೆ ಅಂಗಡಿಯ ಮುಂದೆ ನಿಂತರೆ ಅಂಥವರು ಗುಂಪಾಗಿಯೇ ಸಿಗುತ್ತಾರೆ.

ಈ ಶಾಸ್ತ್ರದ ಮೂಲಪೀಠ ನಮ್ಮ ವಿಜಯಪುರವೆಂಬುದನ್ನು ಕನ್ನಡಿಗರು ಎದೆ ತಟ್ಟಿ ಹೇಳಿಕೊಳ್ಳಬಹುದು, ಆಮೇಲೆ ಸ್ವಲ್ಪ ಕೆಮ್ಮಲೂಬಹುದು. ಅಕ್ಬರನ ದೂತ ಅಸದ್ ಬೇಗ್ ಆದಿಲ್‌ಶಾಹಿ ಆಸ್ಥಾನಕ್ಕೆ ಬಂದವನು ಅಂದಿನ ಬಿಜಾಪುರದಲ್ಲೇ ಮೊದಲ ಸಲ ತಂಬಾಕು ಕಂಡು, ರತ್ನ ಕೂರಿಸಿದ ಕೊಳವೆಯ ಸಮೇತ ಅದನ್ನು ಬಾದಶಹನಿಗೆ ಒಯ್ದು ಒಪ್ಪಿಸಿದ. 1604ರ ಸುಮಾರಿನ ಮಾತು. ಹಕೀಮ ಬೇಡ ಬೇಡವೆಂದ. ಅಸದ್ ಬೇಗನ ಮನಸ್ಸಿಗೆ ಸಂತೋಷವಾಗಲೆಂದು ಬಾದಶಹ ಎರಡು ಮೂರು ದಮ್ಮು ಎಳೆದ. ಅಸದ್ ಬೇಗನೇ ಬರೆದಿಟ್ಟ ವೃತ್ತಾಂತವಿದು. ಇದರಿಂದ ಸಿದ್ಧವಾಗುವುದೇನೆಂದರೆ, ‘ನಂಗೇನೂ ಬೇಕಿರಲಿಲ್ಲ, ಪಾಪ ಅವನು ಕೊಟ್ಟನಲ್ಲ ಅಂತ’ ಎಂಬ ಸಮಜಾಯಿಷಿ ಈ ದೇಶದ ತಂಬಾಕಿನಷ್ಟೇ ಹಳೆಯದು. ಅಮೀರರೆಲ್ಲ ಚಟಕ್ಕೆ ಬಿದ್ದರೂ ಅಕ್ಬರ್ ಮಾತ್ರ ಅಷ್ಟಕ್ಕೇ ನಿಲ್ಲಿಸಿದ. ಅವನ ಮನೋಬಲವನ್ನು ಇತಿಹಾಸಕಾರರು ಹೊಗಳಲಿ. ನಾವು ಹೇಳುವುದಿಷ್ಟೆ, ಆಗ ಆಗ್ರಾದಲ್ಲಿ ಟೀ ಅಂಗಡಿ ಇರಲಿಲ್ಲ.

ಮಗ ಜಹಾಂಗೀರ್ 1617ರಲ್ಲಿ ತಂಬಾಕನ್ನು ನಿಷೇಧಿಸಿದ. ಅವನೇ ಪರ್ಷಿಯಕ್ಕೆ ಕಳಿಸಿದ ರಾಯಭಾರಿ ಖಾನ್ ಆಲಂಗೆ ಮಾತ್ರ ಹೊಗೆಯಿಲ್ಲದೆ ಗಳಿಗೆ ಸರಿಯುತ್ತಿರಲಿಲ್ಲ. ಅಲ್ಲಿ ಷಾ ಅಬ್ಬಾಸನೂ ತಂಬಾಕು ನಿಷೇಧಿಸಿ ಕೂತಿದ್ದ. ಕೊನೆಗೆ ಷಾ ಈ ಅತಿಥಿಯೊಬ್ಬನಿಗೆ ವಿನಾಯಿತಿ ಕೊಟ್ಟ. ನಿಷೇಧ ಮತ್ತು ವಿನಾಯಿತಿ ಒಂದೇ ಬಸಿರಿನ ಅವಳಿಗಳೆಂಬುದಕ್ಕೆ ಬೇರೆ ಆಧಾರ ಬೇಕಿಲ್ಲ.

ಇನ್ನು ತರ್ಕ. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸಬೇಕೆಂದು ನೈಯಾಯಿಕರು ಬೆಟ್ಟವನ್ನು ತೋರಿಸಿ ಪಾಠ ಹೇಳಿದರು. ಅಡುಗೆಮನೆ ಅವರಿಗೆ ಉದಾಹರಣೆ. ಆ ಅಡುಗೆಮನೆಯಲ್ಲಿ ನಿಂತವರಿಗೆ ಬೆಟ್ಟದ ಹಂಗಿಲ್ಲ. ಹೊಗೆಯೇ ಇಲ್ಲದ ಕಡೆ ಹೊಗೆಯನ್ನು ಸಾಧಿಸುವ ಅವರ ನ್ಯಾಯ ಗೌತಮನಿಗೂ ಹೊಳೆದಿರಲಿಲ್ಲ. ಗಂಡ ಮನೆಗೆ ಬರುವ ಮೊದಲು ಬೀದಿ ಕೊನೆಯ ಸೀಬೆ ಗಿಡದ ಎಲೆ ಕಿತ್ತು ಬೆರಳ ಸಂದಿಗೆಲ್ಲ ತಿಕ್ಕುತ್ತಾನೆ, ಪೆಪ್ಪರ್‌ಮೆಂಟು ಚೀಪುತ್ತಾನೆ, ಅದೂ ಸಾಲದೆಂದು ಎರಡು ಏಲಕ್ಕಿ ಅಗಿದು ಗಂಭೀರನಾಗಿ ಚಪ್ಪಲಿ ಬಿಡುತ್ತಾನೆ. ಒಳಗಿಂದ ಪ್ರಶ್ನೆ ಬರುತ್ತದೆ: “ಏನ್ರೀ, ಇವತ್ತೂ ಆಫೀಸಲ್ಲಿ ಪಾಯಸಾನಾ?” ಏಲಕ್ಕಿ ಹೇತು, ಸಿಗರೇಟು ಸಾಧ್ಯ, ನಿನ್ನೆಯ ದಿನ ದೃಷ್ಟಾಂತ. ಪೂರ್ವಪಕ್ಷಿಗೆ ಬಾಯಿ ತೆರೆಯುವ ಹಾಗೂ ಇಲ್ಲ, ತೆರೆದರೆ ಎರಡನೆಯ ಪ್ರಮಾಣ ಹೊರಬೀಳುತ್ತದೆ.

ವೈದ್ಯರ ಮತ ಬೇರೆ. ಅವರ ಪ್ರಕಾರ ಎಲ್ಲಕ್ಕೂ ಮೂಲ ನಿಕೋಟಿನ್. ಎಳೆದ ಕೆಲವೇ ಸೆಕೆಂಡುಗಳಲ್ಲಿ ಅದು ಮಿದುಳು ಮುಟ್ಟುತ್ತದೆ, ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಆಗ ಮಿದುಳು ಮತ್ತೆ ಕೈಚಾಚುತ್ತದೆ. ಬಿಟ್ಟ ಮೇಲೆ ಎರಡನೇ ಮೂರನೇ ದಿನಕ್ಕೆ ಸಿಡುಕು, ತಳಮಳ, ನಿದ್ದೆಗೇಡು ತುದಿ ಮುಟ್ಟಿ, ಕೆಲವು ವಾರಗಳಲ್ಲಿ ಇಳಿಯುತ್ತವೆ. ಇದು ಸತ್ಯವೇ. ಆದರೆ ಹೀಗಿದ್ದರೆ ತಿಂಗಳು ದಾಟಿಸಿದವನು ಗೆದ್ದಂತೆಯೇ ಆಗಬೇಕಿತ್ತು. ವರ್ಷ ದಾಟಿಸಿದವನೂ ಮಳೆ ಬಿದ್ದ ಸಂಜೆ ಬೈ-ಟು ಟೀ ಕೈಗೆ ಬಂದ ಕೂಡಲೇ ಎಡಗೈಯಿಂದ ಜೇಬು ತಡಕುವುದೇಕೆ? ರಕ್ತ ಮರೆತಿದೆ, ಗ್ಲಾಸು ಮರೆತಿಲ್ಲ. ಎಲ್ಲೆಲ್ಲಿ ಟೀಯೋ ಅಲ್ಲಲ್ಲಿ ಧೂಮ ಎಂಬ ವ್ಯಾಪ್ತಿಜ್ಞಾನ ಅವನೊಳಗೆ ಕೂತುಬಿಟ್ಟಿದೆ. ಊಟವಾಯಿತು, ಬಸ್ಸು ತಡವಾಯಿತು, ಸಾಹೇಬರು ಬೈದರು, ಸಾಹೇಬರು ಹೊಗಳಿದರು, ವ್ಯಾಪ್ತಿಗಳು ಒಂದೆರಡಲ್ಲ. ಅವನು ಬಿಡಬೇಕಾದದ್ದು ಒಂದು ವಸ್ತುವನ್ನಲ್ಲ, ತನ್ನ ಇಡೀ ದಿನಚರಿಯನ್ನು. ಇದೇ ನಮ್ಮ ಸಿದ್ಧಾಂತ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರ ಹಿತಕ್ಕಾಗಿ ಸೇದುತ್ತೇನೆ ಎಂಬ ಪರೋಪಕಾರ ವಾದವೊಂದುಂಟು. ಅದನ್ನು ಖಂಡಿಸುವುದೂ ದಂಡ.

ವೈದ್ಯರು ಕೊಡುವ ನಿಕೋಟಿನ್ ಗಮ್ಮಿನ ಪ್ರಯೋಗವಿಧಿ ನಮ್ಮ ಸಿದ್ಧಾಂತವನ್ನೇ ಎತ್ತಿಹಿಡಿಯುತ್ತದೆ. ಅದನ್ನು ಬಬಲ್ ಗಮ್ಮಿನಂತೆ ಜಗಿದು ಮುಗಿಸಬಾರದು. ಕೆಲವು ಸಲ ಮೆಲ್ಲಗೆ ಅಗಿದು, ನಾಲಿಗೆ ಚುರುಗುಟ್ಟಿದೊಡನೆ, ಅಜ್ಜಿಯಂದಿರು ಹೊಗೆಸೊಪ್ಪನ್ನು ಇಟ್ಟುಕೊಳ್ಳುತ್ತಿದ್ದ ಹಾಗೆ ಕೆನ್ನೆಯ ಒಳಗೆ ಒತ್ತರಿಸಿಡಬೇಕು. ಅಗಿಯುವ ಕಾಲು ಗಂಟೆ ಮುಂಚಿನಿಂದ ಕಾಫಿ ಕುಡಿಯಕೂಡದು, ಕುಡಿದರೆ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸಿಗರೇಟು ಬಿಡಿಸಲು ಬಂದದ್ದು ಕಾಫಿಗೂ ಕೈಹಾಕಿತಲ್ಲ ಎಂದು ಮೈಸೂರು ಕಡೆಯ ಎಷ್ಟೋ ಸಾಧಕರು ಸಾಧನೆಯನ್ನೇ ಕೈಬಿಟ್ಟಿದ್ದಾರೆ.

ಈಗ ಈ ಶಾಸ್ತ್ರದ ಅತಿ ಕ್ಲಿಷ್ಟ ಭಾಗ, ಬಿಡಿ ಸಿಗರೇಟು. ಬಿಡಲು ನಿಶ್ಚಯಿಸಿದವನು ಪ್ಯಾಕು ಕೊಳ್ಳುವುದಿಲ್ಲ. ‘ಹೇಗೂ ಬಿಡ್ತಿದೀನಿ, ಪ್ಯಾಕ್ ಯಾಕೆ’ ಎನ್ನುತ್ತಾನೆ. ಒಂದೊಂದೇ ಕೊಳ್ಳುತ್ತಾನೆ, ಒಂದೊಂದನ್ನೂ ಲಾಸ್ಟ್ ಎಂದೇ ಹಚ್ಚುತ್ತಾನೆ. ಲಾಸ್ಟ್ ಆದ್ದರಿಂದ ಅದಕ್ಕೆ ಬೇರೆ ಯಾವುದಕ್ಕೂ ಇಲ್ಲದ ರುಚಿ. ಮೋಟು ತುಟಿ ಸುಡುವವರೆಗೂ ಎಳೆಯುತ್ತಾನೆ. ಇಂಥ ರುಚಿಯನ್ನು ದಿನಕ್ಕೆ ಹಲವು ಸಲ ಕಾಣುವ ಭಾಗ್ಯ ಬಿಡದವನಿಗೆ ಎಲ್ಲಿ ಬರಬೇಕು? ಇನ್ನೊಂದು ಅನುಕೂಲವಿದೆ. 2016ರ ಏಪ್ರಿಲ್‌ನಿಂದ ಪ್ಯಾಕಿನ ಶೇ 85 ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಿದೆ, 2018ರಿಂದ ಚಟ ಬಿಡಿಸುವ ಸಹಾಯವಾಣಿಯ 1800-11-2356 ಎಂಬ ಸಂಖ್ಯೆಯೂ ಅದರ ಮೇಲಿದೆ. ಅಂಗಡಿಯವನು ಗಾಜಿನ ಲೋಟದಲ್ಲಿ ನಿಲ್ಲಿಸಿಟ್ಟದ್ದನ್ನು ಒಂದೊಂದೇ ಎತ್ತಿಕೊಡುತ್ತಿದ್ದರೆ ಚಿತ್ರವನ್ನೂ ಸಂಖ್ಯೆಯನ್ನೂ ಇವನು ನೋಡುವುದೆಂತು? ಬಿಡಬೇಕೆಂದಿಲ್ಲದೆ ಪ್ಯಾಕು ಕೊಳ್ಳುವವನ ಕೈಯಲ್ಲಿ ಸಹಾಯವಾಣಿ, ಬಿಡಬೇಕೆಂದಿರುವವನ ಕೈಯಲ್ಲಿ ಬರೀ ಸಿಗರೇಟು.

ಈ ಅನುಕೂಲಕ್ಕೂ ಕಲ್ಲು ಬಿತ್ತು. ತಂಬಾಕು ನಿಯಂತ್ರಣದ ಕರ್ನಾಟಕ ತಿದ್ದುಪಡಿ ಕಾಯ್ದೆಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೊಳ್ಳುವ ವಯಸ್ಸು 18ರಿಂದ 21ಕ್ಕೇರಿತು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ 200 ರೂಪಾಯಿ ಇದ್ದ ದಂಡ 1,000 ಆಯಿತು, ಬಿಡಿ ಮಾರಾಟಕ್ಕೂ ತಡೆ ಬಿತ್ತು. ಸೇದುವವರು ಅಷ್ಟಾಗಿ ಅಲುಗಲಿಲ್ಲ. ಗೋಳಾಡಿದ್ದು ಬಿಡುತ್ತಿದ್ದವರು. ‘ಪ್ಯಾಕ್ ತಗೊಂಡ್ರೆ ಹತ್ತೂ ಸೇದಬೇಕಾಗುತ್ತೆ, ಬಿಡೋರು ಏನು ಮಾಡಬೇಕು’ ಎಂಬುದು ಅವರ ಅಹವಾಲು.

ಪರಿಹಾರ ಧರ್ಮಶಾಸ್ತ್ರದಲ್ಲಿತ್ತು. ಮನು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಎರಡನೆಯದು ನಿಕ್ಷೇಪ, ಅಂದರೆ ನಂಬಿದವನ ಬಳಿ ಒಡವೆ ಇಟ್ಟು ಬರುವುದು. ನಮ್ಮ ಸಾಧಕರೊಬ್ಬರು ಕಾನೂನು ಮೀರದೆ ಇಡೀ ಪ್ಯಾಕು ಕೊಂಡು, ಅದರ ಮೇಲೆ ಪೆನ್ನಿನಿಂದ ತಮ್ಮ ಇನಿಷಿಯಲ್ ಗೀಚಿ, ಅಂಗಡಿಯವನ ಬಿಸ್ಕತ್ತಿನ ಡಬ್ಬದ ಹಿಂದೆ ಇಡಿಸಿದರು. “ನನ್ನ ಹತ್ರ ಒಂದೂ ಸಿಗರೇಟಿಲ್ಲ” ಎಂದು ಮನೆಯಲ್ಲಿ ದೇವರ ಮೇಲೆ ಆಣೆ ಇಟ್ಟು ಹೇಳುವ ಸ್ಥಿತಿಗೆ ಬಂದರು. ವಾರವೊಂದು ಕಳೆಯಿತು. ಅವರು ಆಫೀಸಿನಿಂದ ಕೆಳಗಿಳಿಯಲೇ ಇಲ್ಲ. ಮುಂದಿನ ಸೋಮವಾರ, ಸುಮ್ಮನೆ ಠೇವಣಿ ಸುರಕ್ಷಿತವಾಗಿದೆಯೇ ನೋಡಲೆಂದು ಬಂದರೆ, ಎರಡು ಕಡಿಮೆ!

“ಸಾರ್, ನಿಮ್ ಫ್ರೆಂಡ್ ತಗೊಂಡ್ರು. ನೀವು ಬಿಟ್ಟಿದೀರಂತೆ, ಸುಮ್ನೆ ವೇಸ್ಟ್ ಆಗುತ್ತೆ ಅಂದ್ರು,” ಎಂದ ಅಂಗಡಿಯವನು. ಸಹೋದ್ಯೋಗಿ ಪಕ್ಕದಲ್ಲೇ ಟೀ ಹಿಡಿದು ನಿಂತಿದ್ದ, ಅಲ್ಲಗಳೆಯಲಿಲ್ಲ.

ವಾದ ಶುರುವಾಯಿತು. ಒಡೆಯ ತ್ಯಜಿಸಿದ ವಸ್ತುವಿಗೆ ಒಡೆಯನಿಲ್ಲ, ಸಿಕ್ಕವರು ಎತ್ತಿಕೊಳ್ಳಬಹುದು ಎಂದು ಸಹೋದ್ಯೋಗಿಯ ಪಕ್ಷ. ತ್ಯಜಿಸಿಲ್ಲ, ಇಟ್ಟಿದ್ದೆ ಎಂದು ಸಾಧಕರ ಪಕ್ಷ. ಹಾಗಾದರೆ ಬಿಟ್ಟಿಲ್ಲ ಅನ್ನಿ ಎಂದು ಅವನು ಹಿಡಿದ. ಎರಡು ಸಿಗರೇಟಿನ ಹಕ್ಕು ಉಳಿಯಬೇಕಾದರೆ ಬಿಟ್ಟಿಲ್ಲವೆಂದು ಸಾಬೀತುಮಾಡಲೇಬೇಕು, ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಮೊದಲು. ಸಾಧಕರು ಡಬ್ಬದ ಹಿಂದಿನಿಂದ ಪ್ಯಾಕು ತರಿಸಿ, ದಾರಕ್ಕೆ ಕಟ್ಟಿದ್ದ ಲೈಟರನ್ನು ಎಳೆದುಕೊಂಡು, ನಾಲ್ಕು ಜನರ ಸಾಕ್ಷಿಯಲ್ಲಿ ಸಾಬೀತುಮಾಡಿದರು. ಅಂಗಡಿಯವನು ತೀರ್ಪು ಕೊಟ್ಟ: ಎರಡು ಸಿಗರೇಟು ಸಹೋದ್ಯೋಗಿಯ ಲೆಕ್ಕಕ್ಕೆ, ಟೀ ಸಾಧಕರ ಲೆಕ್ಕಕ್ಕೆ.